21ನೇ ನಂಬರಿನ ಕೆಂಪು ಅಂಗಿ

ಆ ಫೋಟೊ ಹುಡುಕಿದರೆ ಈಗಲೂ ಸಿಗುತ್ತದೆ. ಹದಿನೆಂಟು ವರ್ಷದ ಹುಡುಗ ಇಂಗ್ಲೆಂಡ್‌ನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಕೆಂಪು ಅಂಗಿ ಹಿಡಿದು ನಿಂತಿದ್ದಾನೆ. ಅಂಗಿಯ ಮೇಲೆ 21. ಆ ಅಂಗಿ ತೊಟ್ಟು ಅವನು ಒಂದು ನಿಮಿಷವೂ ಆಡಲಿಲ್ಲ. ಆದರೂ ಅವನಿಂದ ಯುನೈಟೆಡ್‌ಗೆ 1.2 ಕೋಟಿ ಪೌಂಡ್ ಬಂತು. ಆಡದ ಆಟಗಾರನಿಂದ ಇಷ್ಟು ದುಡ್ಡು ಮಾಡಿದ ಕ್ಲಬ್ ಇನ್ನೊಂದು ನನಗಂತೂ ನೆನಪಾಗುತ್ತಿಲ್ಲ.

ಹುಡುಗ ನೈಜೀರಿಯಾದವನು. ಜಾನ್ ಓಬಿ ಮಿಕೆಲ್. ಆಮೇಲೆ ಲಂಡನ್ನಿನ ಚೆಲ್ಸಿ ಕ್ಲಬ್ಬಿಗೆ 372 ಪಂದ್ಯ ಆಡಿದವನು, ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಗೆದ್ದವನು. ಕೊನೆಗೆ ಏನಾದ ಅನ್ನುವುದು ಫುಟ್‌ಬಾಲ್ ನೋಡುವವರಿಗೆ ಗೊತ್ತು. ನನಗೆ ಕುತೂಹಲ ಇರುವುದು 2005ರ ಏಪ್ರಿಲ್‌ನಿಂದ 2006ರ ಜೂನ್‌ವರೆಗಿನ ಹದಿನಾಲ್ಕು ತಿಂಗಳ ಬಗ್ಗೆ. ಪಶ್ಚಿಮ ಆಫ್ರಿಕಾದ ಹುಡುಗನೊಬ್ಬ ಯುರೋಪಿಗೆ ಹೋಗುವ ದಾರಿಯಲ್ಲಿ ಯಾರ್ಯಾರ ಕೈ ಇರುತ್ತದೆ ಎಂದು ಈ ಒಂದು ಪ್ರಕರಣದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಮೊದಲು ಹೆಸರಿನ ಕಥೆ. ಅವನು ಹುಟ್ಟಿದ್ದು 1987ರ ಏಪ್ರಿಲ್ 22ರಂದು, ಜೋಸ್ ಎಂಬ ಊರಿನಲ್ಲಿ. ನೈಜೀರಿಯಾದ ನಡುಭಾಗದ ಎತ್ತರದ ಊರು ಅದು. ಬೇರೆ ಕಡೆಯ ಸೆಕೆ ಅಲ್ಲಿಲ್ಲ. ಒಂದು ಕಾಲಕ್ಕೆ ತವರದ ಗಣಿಗಳಿಗೆ ಹೆಸರಾಗಿತ್ತು. ಮನೆಯವರು ಇಗ್ಬೊ ಜನ. ಮನೆಯಲ್ಲಿಟ್ಟ ಹೆಸರಿನಲ್ಲಿ ಮೈಕಲ್ ಇತ್ತು, ಓಬಿನ್ನ ಇತ್ತು. ಇಗ್ಬೊ ಭಾಷೆಯಲ್ಲಿ ಓಬಿ ಎಂದರೆ ಹೃದಯ, ನ್ನ ಎಂದರೆ ತಂದೆ. ತಂದೆಯ ಹೃದಯ. 2003ರಲ್ಲಿ ಫಿನ್‌ಲೆಂಡ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಡೆಯಿತು. ಆಟಗಾರರ ಪಟ್ಟಿ ಕಳಿಸುವಾಗ ನೈಜೀರಿಯಾದ ಫುಟ್‌ಬಾಲ್ ಸಂಸ್ಥೆಯವರು ಮೈಕಲ್ ಅನ್ನು 'ಮಿಕೆಲ್' ಎಂದು ಬರೆದುಬಿಟ್ಟರು. ಹುಡುಗ ತಿದ್ದಿಸಲಿಲ್ಲ. ಕೇಳಲು ಚೆನ್ನಾಗಿದೆ ಎಂದು ಹಾಗೇ ಇಟ್ಟುಕೊಂಡ. ನಮ್ಮಲ್ಲೂ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ ತಪ್ಪು ಬಿದ್ದ ಹೆಸರನ್ನೇ ಜೀವನಪೂರ್ತಿ ಹೊತ್ತುಕೊಂಡು ಓಡಾಡುವವರು ಎಷ್ಟು ಜನ ಇಲ್ಲ?

ಜೋಸ್‌ನಲ್ಲಿ ಪೆಪ್ಸಿ ಫುಟ್‌ಬಾಲ್ ಅಕಾಡೆಮಿ, ಪ್ಲೇಟೊ ಯುನೈಟೆಡ್ ಎಂಬ ಊರಿನ ಕ್ಲಬ್. ಅಲ್ಲಿಂದ 2004ರಲ್ಲಿ ನಾರ್ವೆಯ ಓಸ್ಲೊ ನಗರದ ಲಿನ್ ಎಂಬ ಕ್ಲಬ್. ನೈಜೀರಿಯಾದ ಇನ್ನೂ ಕೆಲವು ಹುಡುಗರು ಅಲ್ಲಿದ್ದರು.

ಚೆಲ್ಸಿಯ ಕಣ್ಣು ಬಿದ್ದ ಹುಡುಗ ನಾರ್ವೆಯಲ್ಲಿ ಏನು ಮಾಡುತ್ತಿದ್ದ? ಇದಕ್ಕೆ ಆಗಿನ ನಿಯಮ ಗೊತ್ತಿರಬೇಕು. ಯುರೋಪಿನ ಹೊರಗಿನ ಆಟಗಾರನಿಗೆ ಇಂಗ್ಲೆಂಡ್‌ನಲ್ಲಿ ಕೆಲಸದ ಪರವಾನಗಿ ಸಿಗುವುದು ಸುಲಭವಿರಲಿಲ್ಲ. ಹಿಂದಿನ ಎರಡು ವರ್ಷಗಳಲ್ಲಿ ತನ್ನ ದೇಶದ ಸ್ಪರ್ಧಾತ್ಮಕ ಪಂದ್ಯಗಳಲ್ಲಿ ಶೇಕಡಾ 75ರಷ್ಟನ್ನಾದರೂ ಆಡಿರಬೇಕು ಎಂಬುದು ಸಾಮಾನ್ಯ ಲೆಕ್ಕ. ಹದಿನೇಳರ ಹುಡುಗ ಅಷ್ಟು ಪಂದ್ಯ ಎಲ್ಲಿಂದ ತರಬೇಕು? ಹಾಗಾಗಿ ದೊಡ್ಡ ಕ್ಲಬ್ಬುಗಳು ಇಂಥವರ ಮೇಲೆ ದೂರದಿಂದ ಕಣ್ಣಿಟ್ಟು ಕಾಯುತ್ತಿದ್ದವು. ಹುಡುಗರು ನಾರ್ವೆ, ಬೆಲ್ಜಿಯಂ, ಹಾಲೆಂಡ್‌ನಂಥ ಕಡೆ ಬೆಳೆಯುತ್ತಿದ್ದರು. ಬಸ್ಸು ಬದಲಿಸುವ ಸ್ಟ್ಯಾಂಡ್ ಇದ್ದ ಹಾಗೆ. ಅಲ್ಲಿ ಎಷ್ಟು ಹೊತ್ತು ಕೂರಬೇಕು, ಮುಂದೆ ಯಾವ ಬಸ್ಸು ಹತ್ತಬೇಕು ಎಂದು ಹುಡುಗನಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಹೇಳುವ ಹಕ್ಕು ಕಡಿಮೆ.

ಇನ್ನೊಂದು ನಿಯಮ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ್ದು. ಹದಿನೆಂಟು ತುಂಬದವರನ್ನು ದೇಶದಿಂದ ದೇಶಕ್ಕೆ ವರ್ಗಾಯಿಸುವುದಕ್ಕೆ 2001ರಿಂದಲೇ ಬಿಗಿ ಕಟ್ಟಿತ್ತು. ಹಾಗಾಗಿ ಇಂಥ ಹುಡುಗನ ಹದಿನೆಂಟನೇ ಹುಟ್ಟುಹಬ್ಬವನ್ನು ಮನೆಯವರಿಗಿಂತ ಕ್ಲಬ್ಬುಗಳೇ ಜಾಸ್ತಿ ಎದುರು ನೋಡುತ್ತಿರುತ್ತವೆ. ಮಿಕೆಲ್‌ಗೆ ಹದಿನೆಂಟು ತುಂಬಿದ್ದು 2005ರ ಏಪ್ರಿಲ್ 22ಕ್ಕೆ. ಏಪ್ರಿಲ್ 29ಕ್ಕೆ ಯುನೈಟೆಡ್ ಪ್ರಕಟಣೆ ಹೊರಡಿಸಿತು. ಲಿನ್ ಜತೆ ಒಪ್ಪಂದವಾಗಿದೆ, ಹುಡುಗ 2006ರ ಜನವರಿಯಲ್ಲಿ ಬರುತ್ತಾನೆ, ಬೆಲೆ ಸುಮಾರು 40 ಲಕ್ಷ ಪೌಂಡ್. ಆ ಕೆಂಪು ಅಂಗಿಯ ಫೋಟೊ ಆಗಿನದು.

ಫೋಟೊದ ಬಣ್ಣ ಒಣಗುವ ಮುಂಚೆಯೇ ಗಲಾಟೆ ಶುರು. ತಮಗೂ ಹುಡುಗನಿಗೂ ಮೊದಲೇ ಮಾತಾಗಿತ್ತು ಎಂದಿತು ಚೆಲ್ಸಿ. ಯುನೈಟೆಡ್ ಅದನ್ನು ಒಪ್ಪಲಿಲ್ಲ. ಮಿಕೆಲ್ ತನ್ನ ಕಡೆಯ ಮಾತು ಹೇಳಿದ. ತನ್ನ ಏಜೆಂಟರು ಜತೆಗಿಲ್ಲದಾಗ, ಒತ್ತಡ ಹಾಕಿ ಸಹಿ ಮಾಡಿಸಿಕೊಂಡರು. ತಾನು ಹೋಗಬೇಕೆಂದಿದ್ದು ಚೆಲ್ಸಿಗೆ. ಒತ್ತಡದ ಮಾತೆಲ್ಲ ಸುಳ್ಳು ಎಂದಿತು ಲಿನ್.

ಯಾರದು ನಿಜ? ಆ ಕೋಣೆಯಲ್ಲಿ ನಾನಿರಲಿಲ್ಲ. ಆದರೆ ಅಲ್ಲಿದ್ದವರನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಕಡೆ ಕ್ಲಬ್ಬಿನ ದೊಡ್ಡವರು. ಮೇಜಿನ ಮೇಲೆ ಜಗತ್ತಿನ ಅತಿ ದೊಡ್ಡ ಕ್ಲಬ್ಬುಗಳಲ್ಲಿ ಒಂದರ ಕಾಗದ. ಇನ್ನೊಂದು ಕಡೆ ವಾರದ ಹಿಂದೆ ವಯಸ್ಕನಾದ, ಊರಿಂದ ಸಾವಿರಾರು ಕಿಲೋಮೀಟರ್ ದೂರ ಇರುವ ಹುಡುಗ. ಕೂಗಾಡದೇ ಇದ್ದರೂ, ಬೆದರಿಸದೇ ಇದ್ದರೂ, ಬರೀ ನಗುತ್ತಾ ಪೆನ್ನು ಮುಂದೆ ಹಿಡಿದರೂ ಅದು ಒತ್ತಡವೇ, ಅಲ್ವಾ? ಹಾಗೆಂದು ಅವನ ಏಜೆಂಟರು ಬಹಳ ಸಾಧು ಜನ ಎಂದೂ ನಾನು ಹೇಳುವುದಿಲ್ಲ. ಅವರಿಗೂ ಅವರದೇ ಲೆಕ್ಕ ಇರುತ್ತದೆ. ಯಾವ ಕ್ಲಬ್ಬಿಗೆ ಹೋದರೆ ತಮಗೆಷ್ಟು ಎಂಬ ಲೆಕ್ಕ.

ಮುಂದಿನದು ಪತ್ತೇದಾರಿ ಕಥೆಯಂತೆ. ಮೇ 11ರಂದು ಓಸ್ಲೊದಲ್ಲಿ ಲಿನ್‌ನ ಕಪ್ ಪಂದ್ಯವಿತ್ತು. ಆ ಸಂಜೆ ಮಿಕೆಲ್ ಕಾಣೆಯಾದ. ಹುಡುಗನನ್ನು ಎತ್ತಿಕೊಂಡು ಹೋಗಿದ್ದಾರೆ ಎಂದು ಕ್ಲಬ್ ಗಾಬರಿ ಎಬ್ಬಿಸಿತು. ನಾರ್ವೆಯ ಪೊಲೀಸರು ತನಿಖೆಗಿಳಿದರು. ಟಿವಿಯಲ್ಲೂ ಅದೇ ಸುದ್ದಿ. ಕೆಲವು ದಿನ ಕಳೆದ ಮೇಲೆ ಹುಡುಗ ಲಂಡನ್ನಿನ ಹೋಟೆಲೊಂದರಲ್ಲಿ ಸಿಕ್ಕಿದ, ತನ್ನ ಏಜೆಂಟರ ಜತೆ. ಯಾರೂ ಎತ್ತಿಕೊಂಡು ಬಂದಿಲ್ಲ, ತಾನೇ ಬಂದೆ ಎಂದ.

ಇಷ್ಟೆಲ್ಲ ರಾದ್ಧಾಂತದ ನಡುವೆ ಜೂನ್‌ನಲ್ಲಿ ಹಾಲೆಂಡ್‌ಗೆ ಹೋಗಿ 20 ವರ್ಷದೊಳಗಿನವರ ವಿಶ್ವ ಟೂರ್ನಿ ಆಡಿದ. ಕೋಚ್ ಸ್ಯಾಮ್ಸನ್ ಸಿಯಾಸಿಯಾ. ನೈಜೀರಿಯಾ ಫೈನಲ್ ತಲುಪಿತು. ಜುಲೈ 2ರಂದು ಉಟ್ರೆಕ್ಟ್‌ನಲ್ಲಿ ಅರ್ಜೆಂಟೀನಾ ಎದುರು 1-2ರಿಂದ ಸೋತಿತು. ಅರ್ಜೆಂಟೀನಾದ ಎರಡೂ ಗೋಲು ಪೆನಾಲ್ಟಿ. ಎರಡನ್ನೂ ಹೊಡೆದವನು ಲಿಯೊನೆಲ್ ಮೆಸ್ಸಿ ಎಂಬ ಗಿಡ್ಡ ಹುಡುಗ. ಟೂರ್ನಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಚಿನ್ನದ ಚೆಂಡು ಮೆಸ್ಸಿಗೆ, ಬೆಳ್ಳಿಯದು ಮಿಕೆಲ್‌ಗೆ. ಅಂದರೆ ಆ ವಯಸ್ಸಿನ ಜಗತ್ತಿನ ಹುಡುಗರಲ್ಲಿ ಮೆಸ್ಸಿ ಬಿಟ್ಟರೆ ಇವನೇ. ಆಗ ಅವನು ಆಡುತ್ತಿದ್ದದ್ದು ಮುಂದೆ ನಿಂತು, ಸ್ಟ್ರೈಕರ್‌ಗಳ ಬೆನ್ನಿಗೆ, ಚೆಂಡು ಹಂಚುವ ಜಾಗದಲ್ಲಿ. ಇದು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಆಗಸ್ಟ್‌ನಲ್ಲಿ ಫಿಫಾ ಹೇಳಿತು: ಲಿನ್‌ಗೆ ವಾಪಸ್ ಹೋಗು. ಹೋದ. ಆದರೆ ಅಲ್ಲಿ ಆಡುವ ವಾತಾವರಣ ಎಲ್ಲಿತ್ತು? ಲಿನ್ ಪರ ಅವನು ಒಟ್ಟು ಆಡಿದ್ದು ಆರೇ ಆರು ಲೀಗ್ ಪಂದ್ಯ. ಒಂದು ಕ್ಲಬ್ಬಿನ ಕಾಗದ, ಇನ್ನೊಂದು ಕ್ಲಬ್ಬಿನ ಮೇಲೆ ಮನಸ್ಸು, ಮೂರನೆಯದರಲ್ಲಿ ಸಂಬಳ. ಆ ವರ್ಷ ಅವನಿಗೆ ನಿಜವಾಗಿ ಫುಟ್‌ಬಾಲ್ ಸಿಕ್ಕಿದ್ದು ದೇಶದ ತಂಡದಲ್ಲಿ. ಆಗಸ್ಟ್‌ನಲ್ಲಿ ಲಿಬಿಯಾ ವಿರುದ್ಧ ಹಿರಿಯರ ತಂಡಕ್ಕೆ ಕಾಲಿಟ್ಟ. 2006ರ ಜನವರಿಯಲ್ಲಿ ಈಜಿಪ್ಟ್‌ನಲ್ಲಿ ನಡೆದ ಆಫ್ರಿಕಾ ಕಪ್‌ನಲ್ಲಿ ಜಿಂಬಾಬ್ವೆ ವಿರುದ್ಧ ಬದಲಿಯಾಗಿ ಇಳಿದ. ಬಂದವನೇ ಕಾರ್ನರ್ ಒದ್ದು ಒಂದು ಗೋಲಿಗೆ ದಾರಿ ಮಾಡಿದ, ಇನ್ನೊಂದನ್ನು ತಾನೇ ಹೊಡೆದ. ಯುನೈಟೆಡ್ ಪ್ರಕಟಣೆಯ ಪ್ರಕಾರ ಅದೇ ತಿಂಗಳು ಅವನು ಮ್ಯಾಂಚೆಸ್ಟರ್‌ನಲ್ಲಿ ಇರಬೇಕಿತ್ತು.

2006ರ ಜೂನ್ 2ರಂದು ಮೂರೂ ಕ್ಲಬ್ಬುಗಳು ರಾಜಿಯಾದವು. ಚೆಲ್ಸಿ ಯುನೈಟೆಡ್‌ಗೆ 1.2 ಕೋಟಿ ಪೌಂಡ್ ಕೊಡಬೇಕು. ಲಿನ್‌ಗೆ 40 ಲಕ್ಷ ಪೌಂಡ್. ಎರಡನ್ನೂ ಅರ್ಧ ಈಗ, ಅರ್ಧ ಮುಂದಿನ ಜೂನ್‌ಗೆ. ಒಬ್ಬರ ಮೇಲೊಬ್ಬರು ಹಾಕಿದ ದೂರುಗಳೆಲ್ಲ ವಾಪಸ್.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಲಿನ್‌ಗೆ ಸಿಕ್ಕಿದ್ದು ಸುಮಾರಾಗಿ ಯುನೈಟೆಡ್ ಕೊಡುತ್ತೇನೆ ಎಂದಿದ್ದಷ್ಟೇ. ಅಷ್ಟೆಲ್ಲ ರಂಪ ಮಾಡಿ ಲಾಭ ಸೊನ್ನೆ. ಯುನೈಟೆಡ್ ಕೈಯಲ್ಲಿದ್ದದ್ದು ಒಂದು ಸಹಿ, ಒಂದು ಫೋಟೊ. ಅದಕ್ಕೆ 1.2 ಕೋಟಿ. ಅದೇ ಬೇಸಿಗೆಯಲ್ಲಿ ಯುನೈಟೆಡ್ ಟಾಟೆನ್‌ಹ್ಯಾಮ್‌ನಿಂದ ಮೈಕಲ್ ಕ್ಯಾರಿಕ್‌ನನ್ನು ಕೊಂಡಿತು. ಅವನೂ ಮಿಡ್‌ಫೀಲ್ಡರ್, ಅಲ್ಲಿ ಹನ್ನೆರಡು ವರ್ಷ ಆಡಿದ. ಯುನೈಟೆಡ್ ಮ್ಯಾನೇಜರ್ ಫರ್ಗ್ಯೂಸನ್‌ಗೆ ನಷ್ಟವಾಯಿತು ಎಂದು ಯಾರೂ ಕಣ್ಣೀರು ಹಾಕಬೇಕಿಲ್ಲ. ಚೆಲ್ಸಿ ಕೊಟ್ಟಿದ್ದು 1.6 ಕೋಟಿ, ಅದೂ ಇಂಗ್ಲೆಂಡ್‌ನಲ್ಲಿ ಒಂದು ಪಂದ್ಯವನ್ನೂ ಆಡದ ಹತ್ತೊಂಬತ್ತರ ಹುಡುಗನಿಗೆ. ರೋಮನ್ ಅಬ್ರಮೊವಿಚ್ ಒಡೆಯನಾಗಿದ್ದ ಕಾಲ, ದುಡ್ಡಿಗೆ ಬರವಿರಲಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತೀವಲ್ಲ. ಇಲ್ಲಿ ಕೂಸೇನೂ ಬಡವಾಗಲಿಲ್ಲ. ಆದರೆ ಕೂಸಿನ ಒಂದು ವರ್ಷದ ಆಟ ಹೋಯಿತು. ಹದಿನೆಂಟರಿಂದ ಹತ್ತೊಂಬತ್ತರ ನಡುವಿನ ವರ್ಷ. ವಾರವಾರವೂ ಆಡಿ ಕಲಿಯಬೇಕಿದ್ದ ಹೊತ್ತಿನಲ್ಲಿ ಅವನು ವಕೀಲರ ಭಾಷೆ ಕಲಿಯುತ್ತಿದ್ದ. ರಾಜಿಪತ್ರದಲ್ಲಿ ಆ ವರ್ಷಕ್ಕೆ ಯಾರೂ ಬೆಲೆ ಕಟ್ಟಲಿಲ್ಲ.

ಇಲ್ಲಿಯವರೆಗೆ ಹುಡುಗ ಎಂದು 'ಅವನು' ಎಂದೇ ಬರೆದೆ. ಇನ್ನು ಮುಂದೆ 'ಅವರು' ಎನ್ನೋಣ. ಲಂಡನ್‌ಗೆ ಬಂದ ಮೊದಲ ದಿನಗಳಲ್ಲಿ ಮಾತ್ರ ಬಹುವಚನಕ್ಕೆ ತಕ್ಕ ನಡವಳಿಕೆ ಇರಲಿಲ್ಲ ಎನ್ನುವುದು ಬೇರೆ ಮಾತು. ತರಬೇತಿಗೆ ತಡವಾಗಿ ಬಂದು ದಂಡ ಕಟ್ಟಿದರು. ಅಕ್ಟೋಬರ್‌ನಲ್ಲಿ ರೆಡಿಂಗ್ ವಿರುದ್ಧ ಕೆಂಪು ಕಾರ್ಡ್ ಕಂಡರು. ಗೋಲಿ ಪೀಟರ್ ಚೆಕ್ ತಲೆಬುರುಡೆ ಬಿರಿದ ಪಂದ್ಯ ಅದು.

ಈಗ ಆ ಜಾಗದ ವಿಷಯಕ್ಕೆ ಬರೋಣ. ಚೆಲ್ಸಿಯ ಮ್ಯಾನೇಜರ್ ಜೋಸೆ ಮೊರಿನ್ಯೊ. ಮುಂದೆ ನಿಂತು ಚೆಂಡು ಹಂಚುತ್ತಿದ್ದ ಹುಡುಗನನ್ನು ಅವರು ಹಿಂದೆ ತಂದು ನಿಲ್ಲಿಸಿದರು. ಡಿಫೆಂಡರ್‌ಗಳ ಮುಂದೆ, ಕ್ಲೋಡ್ ಮಕಲೆಲೆ ನಿಲ್ಲುತ್ತಿದ್ದ ಜಾಗದಲ್ಲಿ. ಆಗ ಆ ಜಾಗಕ್ಕೆ ಜನರ ಬಾಯಲ್ಲಿ ಮಕಲೆಲೆಯ ಹೆಸರೇ ಇತ್ತು. ಅಲ್ಲಿ ನಿಂತವನ ಕೆಲಸ ಕ್ಯಾಮೆರಾಗೆ ಬೀಳುವುದಿಲ್ಲ. ಎದುರಾಳಿ ಚೆಂಡು ತರುವ ದಾರಿಯಲ್ಲಿ ಎರಡು ಹೆಜ್ಜೆ ಮೊದಲೇ ಹೋಗಿ ನಿಂತಿರಬೇಕು. ಚೆಂಡು ಸಿಕ್ಕರೆ ಬೆನ್ನು ಅಡ್ಡ ಕೊಟ್ಟು ಕಾಯಬೇಕು. ಆಮೇಲೆ ಐದು ಗಜ ಪಕ್ಕದಲ್ಲಿರುವ ಜತೆಗಾರ ಲ್ಯಾಂಪಾರ್ಡ್‌ಗೆ ಕೊಟ್ಟು ಸುಮ್ನೆ ತನ್ನ ಜಾಗಕ್ಕೆ ಮರಳಬೇಕು. ಮದುವೆ ಮನೆಯಲ್ಲಿ ಒಲೆ ಮುಂದೆ ನಿಂತವರ ಹಾಗೆ. ಊಟ ಚೆನ್ನಾಗಿದ್ದರೆ ಹೊಗಳಿಕೆ ಬಡಿಸಿದವರಿಗೆ.

ನೈಜೀರಿಯಾದ ಅಭಿಮಾನಿಗಳಿಗೆ ಇದು ಇವತ್ತಿಗೂ ಹೊಟ್ಟೆಉರಿಯ ಸಂಗತಿ. ಅವರ ಹಳೆಯ ತಾರೆ ಜೇಜೇ ಒಕೊಚಾ ಆದ ಮೇಲೆ ಅಂಥ ಕಲೆಗಾರ ಇವನೇ ಎಂದುಕೊಂಡಿದ್ದರು. ಮೆಸ್ಸಿ ಪಕ್ಕದಲ್ಲಿ ಬೆಳ್ಳಿ ಚೆಂಡು ಹಿಡಿದವನನ್ನು ಕಾವಲಿಗೆ ನಿಲ್ಲಿಸಿ ಹಾಳು ಮಾಡಿದರು ಎನ್ನುತ್ತಾರೆ. ಅವರ ಕೈಗೆ ಒಂದು ಅಂಕಿಯೂ ಸಿಕ್ಕಿದೆ: ಚೆಲ್ಸಿ ಪರ 372 ಪಂದ್ಯದಲ್ಲಿ ಆರು ಗೋಲು. ಲೀಗ್‌ನಲ್ಲಿ ಒಂದೇ ಒಂದು. ಅದು ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ ಫುಲಮ್ ವಿರುದ್ಧ, ಕ್ಲಬ್ ಸೇರಿ ಏಳು ವರ್ಷ ಕಳೆದ ಮೇಲೆ.

ನಾನು ಆ ಗುಂಪಿಗೆ ಪೂರ್ತಿ ಸೇರುವವನಲ್ಲ. ನೈಜೀರಿಯಾದ ಅಂಗಿಯಲ್ಲಿ ಮಿಕೆಲ್ ಬೆನ್ನಿಗೆ 10 ಇತ್ತು, ಚೆಲ್ಸಿಯಲ್ಲಿ 12. ಹತ್ತನ್ನು ತೊಟ್ಟಾಗ ಅವರು ಮುಂದೆ ಬಂದು ಆಡುತ್ತಿದ್ದರು. 2013ರಲ್ಲಿ ಸ್ಟೀಫನ್ ಕೆಶಿ ಕೋಚ್ ಆಗಿದ್ದಾಗ ನೈಜೀರಿಯಾ ಆಫ್ರಿಕಾ ಕಪ್ ಗೆದ್ದಿತು. ಜೊಹಾನ್ಸ್‌ಬರ್ಗ್ ಫೈನಲ್‌ನಲ್ಲಿ ಬುರ್ಕಿನಾ ಫಾಸೊ ವಿರುದ್ಧ 1-0. ಆ ವರ್ಷದ ಆಫ್ರಿಕಾದ ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿ ಮಿಕೆಲ್ ಎರಡನೆಯವರು, ಯಾಯಾ ಟೂರೆ ಮೊದಲಿಗರು. ಆದರೂ ಅಲ್ಲೂ ಅವರು ಒಕೊಚಾ ಆಗಲಿಲ್ಲ. ಕಳೆದುಹೋದ ಒಕೊಚಾ ಬರೀ ಮೊರಿನ್ಯೊನಿಂದ ಕಳೆದುಹೋದನೇ, ಅಥವಾ ಅಂಥವನೊಬ್ಬ ಅಲ್ಲಿ ಇರಲೇ ಇಲ್ಲವೇ? ಹತ್ತೂವರೆ ವರ್ಷದಲ್ಲಿ ಚೆಲ್ಸಿಗೆ ಮ್ಯಾನೇಜರ್‌ಗಳು ಬಂದರು ಹೋದರು. ಆಡಿಸಿದವರು ಬಹುತೇಕ ಎಲ್ಲರೂ ಮಿಕೆಲ್‌ರನ್ನು ಅದೇ ಜಾಗದಲ್ಲಿ ನಿಲ್ಲಿಸಿದರು. ಎಲ್ಲರೂ ಒಂದೇ ತಪ್ಪು ಮಾಡಿರಲಾರರು.

ಅವರ ಕೆಲಸ ಏನೆಂದು ನೋಡಬೇಕಾದರೆ 2012ರ ಮೇ 19ರಂದು ಮ್ಯೂನಿಕ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ನೋಡಬೇಕು. ನಮ್ಮಲ್ಲಿ ಆಗ ನಡುರಾತ್ರಿ ದಾಟಿತ್ತು. ಬಯರ್ನ್ ಮ್ಯೂನಿಕ್ ತನ್ನದೇ ಮೈದಾನದಲ್ಲಿ ಆಡುತ್ತಿದೆ. ಚೆಲ್ಸಿಯ ಟೆರಿ, ಇವಾನೊವಿಚ್, ರಮಿರೆಸ್, ಮೆಯ್ರೆಲೆಸ್ ನಾಲ್ವರೂ ಅಮಾನತಾಗಿ ಹೊರಗೆ. ಮಧ್ಯದಲ್ಲಿ ಲ್ಯಾಂಪಾರ್ಡ್ ಮತ್ತು ಮಿಕೆಲ್ ಇಬ್ಬರೇ. ಬಯರ್ನ್‌ಗೆ 20 ಕಾರ್ನರ್ ಸಿಕ್ಕವು, ಚೆಲ್ಸಿಗೆ ಒಂದು. ಆ ಒಂದರಲ್ಲೇ 88ನೇ ನಿಮಿಷಕ್ಕೆ ದ್ರೋಗ್ಬಾ ತಲೆಯಿಂದ ಗೋಲು ಹೊಡೆದರು. ಕೊನೆಗೆ ಪೆನಾಲ್ಟಿಯಲ್ಲಿ 4-3. ಎಲ್ಲರ ನೆನಪಲ್ಲಿ ಉಳಿದದ್ದು ದ್ರೋಗ್ಬಾ ಮತ್ತು ಚೆಕ್. ಸಮಯವಿದ್ದರೆ ಆ ಪಂದ್ಯವನ್ನು ಇನ್ನೊಮ್ಮೆ ಹಾಕಿಕೊಂಡು 12ನೇ ನಂಬರನ್ನಷ್ಟೇ ನೋಡಿ. 120 ನಿಮಿಷವೂ ಮೈದಾನದಲ್ಲಿದ್ದರು. ಬಯರ್ನ್‌ನ ಎಷ್ಟು ದಾಳಿಗಳು ಡಿಫೆಂಡರ್‌ಗಳನ್ನು ತಲುಪುವ ಮುಂಚೆಯೇ ಆ ಕಾಲುಗಳಿಗೆ ಸಿಕ್ಕಿ ನಿಂತವು ಎಂದು ಎಣಿಸಿ.

ಚೆಲ್ಸಿ ಬಿಟ್ಟ ರೀತಿಯಲ್ಲೂ ಒಂದು ಕಥೆಯಿದೆ. 2016ರಲ್ಲಿ ಹೊಸ ಮ್ಯಾನೇಜರ್ ಆಂಟೊನಿಯೊ ಕಾಂಟೆ ಬಂದರು. ತರಬೇತಿಯಲ್ಲಿ ಕಣ್ಣಿಗೆ ಬೀಳಬೇಕಾದ ಹೊತ್ತಿನಲ್ಲಿ ಮಿಕೆಲ್ ರಿಯೊ ಒಲಿಂಪಿಕ್ಸ್‌ಗೆ ಹೊರಟರು, ನೈಜೀರಿಯಾದ ನಾಯಕರಾಗಿ. ಕೋಚ್ ಮತ್ತೆ ಅದೇ ಸಿಯಾಸಿಯಾ. ತಂಡದ ಅವಸ್ಥೆ ಹೇಳತೀರದು. ವಿಮಾನದ ವ್ಯವಸ್ಥೆಯಾಗದೆ ಅಟ್ಲಾಂಟಾದಲ್ಲಿ ಸಿಕ್ಕಿಕೊಂಡಿದ್ದರು. ಜಪಾನ್ ವಿರುದ್ಧದ ಮೊದಲ ಪಂದ್ಯಕ್ಕೆ ಕೆಲವೇ ಗಂಟೆ ಮುಂಚೆ ಬ್ರೆಜಿಲ್ ತಲುಪಿ, ಇಳಿದವರೇ ಆಡಿ 5-4ರಿಂದ ಗೆದ್ದರು. ತಂಡದ ಖರ್ಚಿಗೆ ಮಿಕೆಲ್ ತಮ್ಮ ಕೈಯಿಂದಲೂ ದುಡ್ಡು ಹಾಕಿದರು. ಕ್ವಾರ್ಟರ್ ಫೈನಲ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಗೋಲು ಹೊಡೆದರು. ಕೊನೆಗೆ ಹೊಂಡುರಾಸ್‌ ಅನ್ನು 3-2ರಿಂದ ಸೋಲಿಸಿ ಕಂಚು. ಇವರ ಕಷ್ಟ ಕೇಳಿ ಜಪಾನಿನ ಪ್ಲಾಸ್ಟಿಕ್ ಸರ್ಜನ್ ಕಟ್ಸುಯಾ ತಕಾಸು 3,90,000 ಡಾಲರ್‌ನ ಚೆಕ್ ಹಿಡಿದು ಬಂದರು. ಸೋಲಿಸಿಕೊಂಡ ದೇಶದವರೇ ದುಡ್ಡು ಕೊಟ್ಟರು ನೋಡಿ!

ಕಂಚು ಹಿಡಿದು ವಾಪಸ್ ಬರುವಷ್ಟರಲ್ಲಿ ಚೆಲ್ಸಿಯಲ್ಲಿ ಜಾಗ ಹೋಗಿತ್ತು. ಆ ಸೀಸನ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೆ ಹದಿನೆಂಟರಲ್ಲಿ ಬೇರೆಯವರು ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿದವರು ಇಲ್ಲಿ ತಾವೇ ಆರಿಸಿಕೊಂಡು ಹೋಗಿದ್ದರು. ಅದಕ್ಕೆ ಬೆಲೆಯನ್ನೂ ತಾವೇ ಕೊಟ್ಟರು.

2017ರ ಜನವರಿಯಲ್ಲಿ ಚೀನಾದ ಟಿಯಾಂಜಿನ್‌ಗೆ ಹೋದರು. ಆಮೇಲೆ ಮಿಡಲ್ಸ್‌ಬರೊ, ಟರ್ಕಿಯ ಟ್ರಾಬ್‌ಜಾನ್‌ಸ್ಪೋರ್, ಸ್ಟೋಕ್, ಕುವೈತ್. ಟರ್ಕಿಯದನ್ನು ಮಾತ್ರ ಹೇಳಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಹಬ್ಬುತ್ತಿದ್ದಾಗ ಅಲ್ಲಿ ಲೀಗ್ ಇನ್ನೂ ನಡೆಯುತ್ತಿತ್ತು. ಇಂಥ ಹೊತ್ತಿನಲ್ಲಿ ಆಡುವುದು ಸರಿಯಲ್ಲ, ಎಲ್ಲರೂ ಮನೆಯಲ್ಲಿ ತಮ್ಮವರ ಜತೆ ಇರಬೇಕು ಎಂದು ಮಿಕೆಲ್ ಇನ್‌ಸ್ಟಾಗ್ರಾಂನಲ್ಲಿ ಬರೆದರು. ಕೆಲವೇ ದಿನದಲ್ಲಿ ಕ್ಲಬ್ ಜತೆಗಿನ ಒಪ್ಪಂದ ಮುಗಿಯಿತು. ಅದರ ಹಿಂದೆಯೇ ಟರ್ಕಿಯ ಲೀಗ್ ಕೂಡ ನಿಂತಿತು. 2022ರ ಸೆಪ್ಟೆಂಬರ್‌ನಲ್ಲಿ ಆಟಕ್ಕೆ ವಿದಾಯ ಹೇಳಿದರು.

ವಿದೇಶದಲ್ಲಿ ಆಡುವ ಇಂಥ ಆಟಗಾರನ ಬದುಕಿಗೆ ಇನ್ನೊಂದು ಬದಿ ಇದೆ. ಅದು ಊರಲ್ಲಿ ಉಳಿದವರದು. ಮಗ ಚೆಲ್ಸಿಯಲ್ಲಿದ್ದಾನೆ ಎಂದರೆ ಅಪ್ಪನ ತಲೆಗೂ ಬೆಲೆ ಬಂತು ಎಂದೇ ಅರ್ಥ. 2011ರ ಆಗಸ್ಟ್‌ನಲ್ಲಿ ಜೋಸ್‌ನಲ್ಲಿ ಮಿಕೆಲ್ ತಂದೆಯನ್ನು ಅಪಹರಿಸಿದರು. ಮಗ ಇಂಗ್ಲೆಂಡ್‌ನಲ್ಲಿ ಸ್ಟೋಕ್ ವಿರುದ್ಧ ಸೀಸನ್‌ನ ಮೊದಲ ಪಂದ್ಯ ಆಡಿದರು. ಸುಮಾರು ಹತ್ತು ದಿನದ ಮೇಲೆ ತಂದೆ ಕಾನೊ ನಗರದಲ್ಲಿ ಸಿಕ್ಕರು.

ಏಳು ವರ್ಷಕ್ಕೆ ಮತ್ತೆ ಅದೇ ಆಯಿತು. 2018ರ ಜೂನ್ 26, ಸೇಂಟ್ ಪೀಟರ್ಸ್‌ಬರ್ಗ್. ವಿಶ್ವಕಪ್‌ನಲ್ಲಿ ನೈಜೀರಿಯಾಕ್ಕೆ ಅರ್ಜೆಂಟೀನಾ ಎದುರು. ಡ್ರಾ ಆದರೂ ಮುಂದಿನ ಸುತ್ತಿಗೆ ಹೋಗುವ ಅವಕಾಶವಿತ್ತು. ಪಂದ್ಯಕ್ಕೆ ನಾಲ್ಕು ಗಂಟೆ ಇರುವಾಗ ನಾಯಕನಿಗೆ ಫೋನ್ ಬಂತು. ತಂದೆ ಮತ್ತೆ ಅಪಹರಣಕಾರರ ಕೈಯಲ್ಲಿದ್ದಾರೆ. ಯಾರಿಗಾದರೂ ಹೇಳಿದರೆ ಕೊಲ್ಲುತ್ತೇವೆ ಎಂದಿದ್ದರು. ಮಿಕೆಲ್ ಕೋಚ್‌ಗೆ ಹೇಳಲಿಲ್ಲ, ತಂಡದವರಿಗೆ ಹೇಳಲಿಲ್ಲ. ಕೈಗೆ ನಾಯಕನ ಪಟ್ಟಿ ಕಟ್ಟಿಕೊಂಡು, 10ನೇ ನಂಬರಿನ ಅಂಗಿ ತೊಟ್ಟು ಇಳಿದರು.

ಹದಿನಾಲ್ಕನೇ ನಿಮಿಷಕ್ಕೆ ಮೆಸ್ಸಿ ಗೋಲು ಹೊಡೆದರು. ವಿಕ್ಟರ್ ಮೋಸೆಸ್ ಪೆನಾಲ್ಟಿಯಲ್ಲಿ ಸಮ ಮಾಡಿದರು. 86ನೇ ನಿಮಿಷದವರೆಗೂ ನೈಜೀರಿಯಾ ಮುಂದಿನ ಸುತ್ತಿನಲ್ಲಿತ್ತು. ಆಗ ಮಾರ್ಕೊಸ್ ರೊಹೊ ಒದ್ದ ಚೆಂಡು ಒಳಗೆ ಹೋಯಿತು. ಹದಿಮೂರು ವರ್ಷದ ಹಿಂದೆ ಉಟ್ರೆಕ್ಟ್‌ನಲ್ಲಿ ಇದ್ದದ್ದೂ ಇದೇ ಎದುರಾಳಿ, ಇದೇ 2-1.

ಜುಲೈ 2ರಂದು ಪೊಲೀಸರು ತಂದೆಯನ್ನು ಬಿಡಿಸಿದರು. ಆಮೇಲಷ್ಟೇ ಮಿಕೆಲ್ ಆ ಫೋನಿನ ವಿಷಯ ಹೊರಗೆ ಹೇಳಿದರು.